ಅಟ್ಟದಲ್ಲಿ ಯಾರೆಂದು ಹೇಳುತ್ತಿದ್ದವರು

ಕಳೆದ ತಿಂಗಳು ಕಾರ್ಕಳದಲ್ಲಿ ಅವರ ಉತ್ತರಕ್ರಿಯೆಯ ಊಟಕ್ಕೆ ಕುಳಿತಾಗ ನನ್ನ ಎಡಬಲದಲ್ಲಿದ್ದವರೆಲ್ಲ ಅವರ ಕತೆಗಳನ್ನೇ ಹೇಳುತ್ತಿದ್ದರು. ಒಬ್ಬರ ಮನೆಯ ಅಟ್ಟದಲ್ಲಿ ಉಡ, ಇನ್ನೊಬ್ಬರ ಅಟ್ಟದಲ್ಲಿ ಬಾವಲಿ, ಮತ್ತೊಬ್ಬರ ಕೊಟ್ಟಿಗೆಯ ಮಾಡಿನಲ್ಲಿ ಕೇರೆ ಹಾವು. ಎಲ್ಲ ಕತೆಗಳೂ ಒಂದೇ ರೀತಿ ಮುಗಿಯುತ್ತಿದ್ದವು. ಅವರು ಹತ್ತಿದರು, ಮೂಸಿದರು, ಇಳಿದು ಬಂದು ಇಂಥದ್ದೇ ಎಂದರು, ಅದೇ ಸರಿಯಾಯಿತು. ಪಾಯಸ ಬರುವ ಹೊತ್ತಿಗೆ ಪಂಕ್ತಿಯಲ್ಲಿ ನಗು ಕೂಡ ಎದ್ದಿತ್ತು. ನನಗೂ ಒಂದು ಕತೆ ಗೊತ್ತಿತ್ತು, ಆದರೆ ಅದು ಹಾಗೆ ಮುಗಿಯುವುದಿಲ್ಲ. ಅದನ್ನು ಅಲ್ಲಿ ಹೇಳಲು ನನ್ನಿಂದ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ, ಎಲ್ಲರಿಗೂ ಅವರು ‘ಹಂಚಿನವರು’. ಮಳೆಗಾಲಕ್ಕೆ ಮೊದಲು ಮಾಡಿನ ಹಂಚು ಕೈಯಾಡಿಸುವುದು, ಒಡೆದದ್ದನ್ನು ತೆಗೆದು ಬೇರೆ ಕೂರಿಸುವುದು, ಹಂಚಿನಡಿಯ ಗೆದ್ದಲು ಹಿಡಿದ ಮರದ ರೀಪುಗಳನ್ನು ಬದಲಾಯಿಸುವುದು ಅವರ ಕೆಲಸ. ನಾಲ್ಕು ಹಂಚು ಸರಿಸಿದರೆ ಸಾಕು, ಕೆಳಗೆ ಅಟ್ಟ ಕಾಣುತ್ತದೆ. ಮೂವತ್ತು ವರ್ಷ ಹೀಗೆ ಪರರ ಅಟ್ಟಗಳಿಗೆ ಮುಖ ಹಾಕಿ ಕುಳಿತದ್ದರಿಂದ ಅಲ್ಲಿ ವಾಸ ಮಾಡುವ ಒಂದೊಂದು ಪ್ರಾಣಿಯ ವಾಸನೆಯೂ ಅವರಿಗೆ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಕೊನೆ ಕೊನೆಗೆ ಹಂಚಿನ ಮನೆಗಳು ಕಡಿಮೆಯಾದರೂ ಈ ಇನ್ನೊಂದು ಕೆಲಸಕ್ಕೆ ಕರೆಯುವವರು ಕಡಿಮೆಯಾಗಲಿಲ್ಲ. ಅಟ್ಟದಲ್ಲಿ ಸದ್ದು ಎಂದು ಫೋನು ಬಂದರೆ ಕಾಪುವಿನಿಂದ ಹೆಬ್ರಿಯವರೆಗೆ ಎಲ್ಲಿಗಾದರೂ ಹಳೆಯ ಸ್ಕೂಟರು ಹತ್ತಿ ಹೊರಡುತ್ತಿದ್ದರು. ಹೊರಡುವಾಗ “ಯಾರಿದ್ದಾರೆ ನೋಡುವ” ಎನ್ನುತ್ತಿದ್ದರು. ‘ಏನಿದೆ’ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ.

ನನಗೆ ಅವರ ಪರಿಚಯವಾದದ್ದು ಒಂದು ಸಣ್ಣ ಅವಮಾನದಿಂದ. ಕಾರ್ಕಳದ ಪ್ರೌಢಶಾಲೆಗೆ ಕನ್ನಡ ಟೀಚರಾಗಿ ಬಂದು ಹಂಚಿನ ಬಾಡಿಗೆ ಮನೆ ಹಿಡಿದ ಮೊದಲ ವರ್ಷ. ಅಟ್ಟದಲ್ಲಿ ಯಾರೋ ಕುರ್ಚಿ ಎಳೆದಂತೆ ಸದ್ದಾಗುತ್ತಿತ್ತು. ಇಲಿಯೆಂದು ನಾನೇ ತೀರ್ಮಾನಿಸಿ ಇಲಿ ಪಾಷಾಣದ ಪೊಟ್ಟಣ ತಂದು ಕಿಟಕಿಯಲ್ಲಿಟ್ಟಿದ್ದೆ. ಹಂಚು ನೋಡಲು ಮನೆಯ ಯಜಮಾನರು ಕಳಿಸಿದ ಇವರ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆ.

“ಇದು ಯಾರಿಗೆ ಟೀಚರೇ?”

“ಇಲಿಗೆ.”

“ಇಲಿಯೇ ಅಂತ ಯಾರು ಹೇಳಿದ್ದು?”

“ಅಟ್ಟದಲ್ಲಿ ಇನ್ನೇನಿರುತ್ತದೆ?”

“ಹಾಗಾದರೆ ನೀವು ಪೇಪರ್ ನೋಡದೆಯೇ ಮಾರ್ಕು ಕೊಡುವವರಾ?”

ನನಗೆ ಸಿಟ್ಟು ಬಂತು. ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಏಣಿ ಇಟ್ಟು ಹತ್ತಿದರು. ಕೆಳಗಿನಿಂದ ನನಗೆ ಅವರ ಪಾದಗಳು ಮಾತ್ರ ಕಾಣುತ್ತಿದ್ದವು. ಅಟ್ಟದ ಹಲಗೆಯ ಮೇಲೆ ಬೋರಲು ಮಲಗಿ ಎಷ್ಟೋ ಹೊತ್ತು ಅಲುಗಾಡಲಿಲ್ಲ, ನಿದ್ದೆ ಹೋದರೋ ಎಂದುಕೊಂಡೆ. ಆಮೇಲೆ ಇಳಿದು ಬಂದು, “ಗಂಧಸಾಲೆ ಅಕ್ಕಿ ಬೇಯುವಾಗ ಒಂದು ಪರಿಮಳ ಬರ್ತದಲ್ಲ, ಅದು ಉಂಟು ಮೇಲೆ. ಪುನುಗು ಬೆಕ್ಕು. ಪಕ್ಕದ ಮನೆಯ ಪಪ್ಪಾಯಿ ತಿಂದು ಇಲ್ಲಿ ಬಂದು ಮಲಗ್ತದೆ. ಮರಿಯೂ ಉಂಟು. ಎರಡು ತಿಂಗಳು ನೀವು ಸುಮ್ಮನಿರಿ, ಅದೇ ಹೋಗ್ತದೆ. ಆಮೇಲೆ ದಾರಿ ಮುಚ್ಚುವ” ಎಂದರು. ಹೋಗುವಾಗ ನನ್ನ ಪೊಟ್ಟಣವನ್ನು ಕೇಳದೆಯೇ ಕಿಸೆಗೆ ಹಾಕಿಕೊಂಡು ಹೋದರು. ಎರಡು ತಿಂಗಳಿಗೆ ಸರಿಯಾಗಿ ಅಟ್ಟ ಖಾಲಿಯಾಯಿತು.

ಅಲ್ಲಿಂದ ಮುಂದೆ ಅವರು ನಮ್ಮ ಮನೆಯ ಕಡೆ ಕೆಲಸವಿದ್ದಾಗಲೆಲ್ಲ ಕಾಫಿಗೆ ಬರತೊಡಗಿದರು. ಮನೆಮಾತು ತುಳು. ನನ್ನ ಹತ್ತಿರ ಮಾತ್ರ ಒಂದೊಂದು ಅಕ್ಷರವನ್ನೂ ಜೋಪಾನವಾಗಿ ಇಟ್ಟು ಕನ್ನಡ ಆಡುತ್ತಿದ್ದರು. ನನಗೂ ತುಳು ಬರುತ್ತದೆ ಎಂದರೆ, “ಬೇಡಪ್ಪ, ಟೀಚರ ಹತ್ರ ತುಳು ಮಾತಾಡಿದರೆ ಮಾರ್ಕು ಹೋಗ್ತದೆ” ಎನ್ನುತ್ತಿದ್ದರು. ಆ ಜೋಪಾನದ ಕನ್ನಡದಲ್ಲಿಯೇ ನನಗೆ ವಾಸನೆಗಳ ಪಾಠವೂ ಆಯಿತು. “ಹೆಗ್ಗಣ ಅಂದರೆ ಒದ್ದೆ ಗೋಣಿ. ಬಾವಲಿ ಅಂದರೆ ಬಸ್‌ಸ್ಟ್ಯಾಂಡಿನ ಮೂತ್ರಿ. ಉಡ ಅಂದರೆ ಮೀನು ಖಾಲಿಯಾದ ಬುಟ್ಟಿ. ಅಳಿಲಿಗೆ ಎಂತದೂ ಇಲ್ಲ, ಬರೀ ತೆಂಗಿನ ನಾರು.” ನಾನು ಬರೆದುಕೊಳ್ಳುತ್ತೇನೆ ಎಂದಾಗ ನಕ್ಕರು. “ಬರೆದರೆ ಬರ್ತದಾ ಮಾರಾಯ್ರೆ? ಅಟ್ಟಕ್ಕೆ ಹತ್ತಬೇಕು.”

ಹತ್ತುವ ಮೊದಲು ಅವರದೊಂದು ಕ್ರಮವಿತ್ತು. ಆ ದಿನ ಬೀಡಿ ಇಲ್ಲ, ಎಲೆಯಡಿಕೆ ಇಲ್ಲ. ಬಾವಿಕಟ್ಟೆಯಲ್ಲಿ ಬಾಯಿ ಮುಕ್ಕಳಿಸಿ, ಬೊಗಸೆಯಲ್ಲಿ ನೀರು ತೆಗೆದು ಮೂಗು ತೊಳೆಯಬೇಕು. ಮನೆಯಲ್ಲಿ ಒಗ್ಗರಣೆ ಹಾಕಬಾರದು. ಒಮ್ಮೆ ಕಟಪಾಡಿಯ ಒಂದು ಮನೆಗೆ ಹೋದಾಗ ಅಡುಗೆಮನೆಯಲ್ಲಿ ಬಂಗುಡೆ ಮೀನು ಕಾಯಿಸುತ್ತಿದ್ದರಂತೆ. ಇವರು ಹೊರಗೆ ಹೋಗಿ ತೆಂಗಿನ ಕಟ್ಟೆಯಲ್ಲಿ ಎರಡು ಗಂಟೆ ಕುಳಿತರು. ಮನೆಯವರು ಊಟಕ್ಕೆ ಕರೆದರೂ ಏಳಲಿಲ್ಲ. ವಾಸನೆಯೆಲ್ಲ ಹೋದ ಮೇಲೆ ಹತ್ತಿ, ಇಳಿದು ಬಂದು, ಬಾವಲಿ ಎಂದು ಹೇಳಿ, ಆಮೇಲೆ ಅದೇ ಬಂಗುಡೆಯಲ್ಲಿ ಉಂಡು ಹೊರಟರು.

ಬನ್ನಂಜೆಯ ವಕೀಲರೊಬ್ಬರ ಮನೆಯಲ್ಲಿ ಹಾಡುಹಗಲೇ ಅಟ್ಟದಿಂದ ಯಾರೋ ಬುಸುಗುಟ್ಟುವ ಸದ್ದು ಬರುತ್ತಿತ್ತು. ತೀರಿಹೋದ ದೊಡ್ಡಪ್ಪನ ಪ್ರೇತವೇ ಇರಬೇಕೆಂದು ಜ್ಯೋತಿಷಿಯ ಹತ್ತಿರ ಹೋಗಿ ಬಂದೂ ಆಗಿತ್ತು. ಇವರು ಹತ್ತಿ ಇಳಿದು, “ಗೂಬೆ. ಎರಡು ಮರಿ ಉಂಟು. ನಿಮ್ಮ ದೊಡ್ಡಪ್ಪ ಇಲ್ಲ, ನಾನು ಸರಿಯಾಗಿ ನೋಡಿದೆ” ಎಂದರಂತೆ. ವಕೀಲರಿಗೆ ಬೇಸರವಾಯಿತೋ ಸಮಾಧಾನವಾಯಿತೋ ತಿಳಿಯಲಿಲ್ಲ ಎಂದು ನನ್ನಲ್ಲಿ ಹೇಳಿ ತುಂಬ ನಕ್ಕಿದ್ದರು.

ಹೆಬ್ರಿಯ ಮನೆಯೊಂದರ ಅಟ್ಟದಲ್ಲಿ ಹಾವಿನ ಪೊರೆ ಸಿಕ್ಕಿದಾಗ ಮಾತ್ರ ವಿಷಯ ನಗುವಂಥದ್ದಾಗಿರಲಿಲ್ಲ. ನಮ್ಮ ಕಡೆ ನಾಗರ ಹಾವೆಂದರೆ ದೇವರು. ಮನೆಯೊಳಗೆ ನಾಗರ ಬಂದರೆ ಅದಕ್ಕೊಂದು ಕಾರಣ ಹುಡುಕಬೇಕು, ಪರಿಹಾರ ಮಾಡಿಸಬೇಕು. ಆ ಮನೆಯವರು ಪೊರೆಯನ್ನು ಬಾಳೆಲೆಯಲ್ಲಿಟ್ಟು, ಅರಸಿನ ಹಚ್ಚಿ, ಕೈಮುಗಿದು ನಿಂತಿದ್ದರು. ಇವರು ಪೊರೆಯನ್ನು ಬೆರಳಲ್ಲಿ ಸವರಿ ನೋಡಿದರು, ಅಟ್ಟ ಹತ್ತಿ ಮೂಸಿದರು, ಇಳಿದು ಬಂದು ಹೇಳಿದರು: “ಕೇರೆ. ಕೈಮುಗಿಯಲಿಕ್ಕೆ ಅಡ್ಡಿ ಇಲ್ಲ, ಆದರೆ ಅದು ಕೇರೆ.” ಆ ಮನೆಯ ಹಿರಿಯರು ಸಿಟ್ಟಿನಿಂದ ಒಂದು ವರ್ಷ ಇವರ ಹತ್ತಿರ ಮಾತಾಡಲಿಲ್ಲ. ಮೆಚ್ಚಿಸಲಿಕ್ಕಾಗಿ ನಾಗರ ಎಂದು ಹೇಳಿದ್ದರೆ ಹೋಳಿಗೆ ಊಟ ಸಿಗುತ್ತಿತ್ತಲ್ಲ ಎಂದು ನಾನು ಕೆಣಕಿದೆ. ಅವರು ನಗಲಿಲ್ಲ. “ಒಂದು ಸಲ ತಪ್ಪು ಹೆಸರು ಹೇಳಿದರೆ ಟೀಚರೇ, ಆಮೇಲೆ ನಾನು ಹೇಳಿದ್ದೆಲ್ಲ ಬರೀ ಮಾತು.”

ಅವರ ಹತ್ತಿರ ಇದ್ದದ್ದು ಅದೊಂದೇ. ಮನೆ ಸಣ್ಣದು, ಮಕ್ಕಳಿರಲಿಲ್ಲ, ಹಂಚಿನ ಕೆಲಸದಲ್ಲಿ ಸೊಂಟ ಹೋಗಿತ್ತು. ಆದರೆ ಅವರು ಅಂಗಳಕ್ಕೆ ಕಾಲಿಟ್ಟರೆ ದೊಡ್ಡ ದೊಡ್ಡವರೂ ಕುರ್ಚಿ ತಂದಿಡುತ್ತಿದ್ದರು, ಅವರ ಮಾತಿಗೆ ಕಾಯುತ್ತಿದ್ದರು. ಆ ಕಾಯುವಿಕೆ ಅವರಿಗೆ ಎಷ್ಟು ಇಷ್ಟವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಕೊರೋನಾದ ಎರಡನೆಯ ವರ್ಷ ಅವರಿಗೂ ಜ್ವರ ಬಂತು. ಹತ್ತು ದಿನ ಮಲಗಿ ಎದ್ದರು. ಮೈ ಸ್ವಲ್ಪ ಇಳಿದಿತ್ತು, ಅಷ್ಟೇ. ದೇವರು ದೊಡ್ಡವನು ಎಂದು ನಾವೆಲ್ಲ ಹೇಳಿಕೊಂಡೆವು. ಅದಾಗಿ ಎರಡು ತಿಂಗಳಿಗೆ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದರು. ಕಾಫಿಗೆ ಹಾಲಿಟ್ಟು, ಅಡುಗೆಮನೆಯ ಬಾಗಿಲಲ್ಲೇ ಅವರಿಗೆ ಮಣೆ ಕೊಟ್ಟು ಮಾತಾಡುತ್ತಿದ್ದೆ. ಅಷ್ಟರಲ್ಲಿ ಶಾಲೆಯಿಂದ ಫೋನು ಬಂತು. ಸಿಗ್ನಲ್ ಸಿಗದೆ ಅಂಗಳದ ಕೊನೆಗೆ ಹೋದವಳು ಮಾತಿನಲ್ಲಿ ಹಾಲನ್ನು ಮರೆತೇಬಿಟ್ಟೆ. ವಾಪಸು ಬರುವಾಗ ಮೆಟ್ಟಿಲಿನಲ್ಲಿಯೇ ಸೀದ ವಾಸನೆ ಮೂಗಿಗೆ ಹೊಡೆಯಿತು. ಹಾಲು ಇಂಗಿ ಪಾತ್ರೆ ಕರಿಹಿಡಿದಿತ್ತು. ಅವರು ಒಲೆಗೆ ಬೆನ್ನು ಹಾಕಿ, ಒಂದು ಮಾರು ದೂರದಲ್ಲಿ, ಹೊರಗಿನ ದಾಸವಾಳ ನೋಡುತ್ತ ಆರಾಮವಾಗಿ ಕುಳಿತಿದ್ದರು.

ನಾನು ಓಡಿ ಹೋಗಿ ಗ್ಯಾಸ್ ಆರಿಸಿದೆ. ಅವರು ತಿರುಗಿ ಪಾತ್ರೆ ನೋಡಿದರು, ನನ್ನ ಮುಖ ನೋಡಿದರು. ನನಗೆ ತಿಳಿಯಿತು. ನನಗೆ ತಿಳಿಯಿತೆಂದು ಅವರಿಗೂ ತಿಳಿಯಿತು. ಕೇಳುವುದಿದ್ದರೆ ಆಗಲೇ ಕೇಳಬೇಕಿತ್ತು. ಅದರ ಬದಲು ನಾನು, “ಗಾಳಿ ಆ ಕಡೆಗೆ ಬೀಸುತ್ತಾ ಇದೆ ಅಲ್ವಾ, ಗೊತ್ತೇ ಆಗುವುದಿಲ್ಲ” ಎಂದೆ. “ಹೌದು, ಗಾಳಿ” ಎಂದರು ಅವರು. ಕರಿಕಾಫಿ ಕುಡಿದು ಹೋದರು.

ಆಮೇಲೂ ಅವರು ಅಟ್ಟಗಳಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಆದರೆ ಒಂದು ಡಬ್ಬಿಯಲ್ಲಿ ಬೂದಿ ಒಯ್ಯತೊಡಗಿದ್ದಾರೆಂದು ಯಾರೋ ಹೇಳಿದರು. ಅಟ್ಟದ ನೆಲಕ್ಕೆ ಬೂದಿ ಚೆಲ್ಲಿ, ಮರುದಿನ ಬಂದು ಹೆಜ್ಜೆ ಗುರುತು ನೋಡಿ ಹೇಳುತ್ತಾರಂತೆ. ಹಿಂದೆ ಇದನ್ನೇ ಅವರು ಪೊಲೀಸರ ಕೆಲಸ ಎಂದು ತಮಾಷೆ ಮಾಡುತ್ತಿದ್ದರು. ಹೇಗೋ ದಾರಿ ಕಂಡುಕೊಂಡಿದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ನಾನಿನ್ನು ಮಾತೆತ್ತಬೇಕಾಗಿಲ್ಲ ಎಂಬ ಸಮಾಧಾನ ಅದು.

ಹೀಗೆಯೇ ಎರಡು ವರ್ಷಕ್ಕೂ ಹೆಚ್ಚು ನಡೆಯಿತು. ಆಮೇಲೆ ಕಾಪುವಿನಿಂದ ನನ್ನ ಅಣ್ಣನ ಫೋನು ಬಂತು. ಅವನ ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತಿ ಕೋಣೆಯ ಸರಿ ಮೇಲೆ ಅಟ್ಟದಲ್ಲಿ ಓಡಾಟ ಕೇಳುತ್ತಿತ್ತು. ತೊಟ್ಟಿಲಲ್ಲಿ ಇಪ್ಪತ್ತು ದಿನದ ಕೂಸು, ಎಲ್ಲರಿಗೂ ಹೆದರಿಕೆ. “ನಿನ್ನ ಆ ಹಂಚಿನವರನ್ನು ಕರೆದುಕೊಂಡು ಬಾ, ಅವರು ಹೇಳಿದರೆ ನನಗೆ ಧೈರ್ಯ” ಎಂದ ಅಣ್ಣ. ಅವರಿಗೆ ವಾಸನೆ ತಿಳಿಯುವುದಿಲ್ಲ ಎಂದು ಅಣ್ಣನಿಗೆ ಹೇಳಬಹುದಿತ್ತು. ಬೂದಿ ಇದೆಯಲ್ಲ ಎಂದುಕೊಂಡು ಅವರಿಗೇ ಫೋನು ಮಾಡಿದೆ.

ಅಣ್ಣನ ಮನೆಯ ಅಟ್ಟ ತೀರ ತಗ್ಗು. ಹಳೆಯ ತೊಟ್ಟಿಲು, ಹಂಡೆ, ಚಾಪೆಯ ಸುರುಳಿಗಳು ತುಂಬಿ, ತೆವಳಿಕೊಂಡು ಹೋದರೂ ಅರ್ಧದವರೆಗೆ ಮಾತ್ರ ಹೋಗಬಹುದು. ಅವರು ಬಾವಿಕಟ್ಟೆಯಲ್ಲಿ ಮೊದಲಿನಂತೆಯೇ ಬಾಯಿ ಮುಕ್ಕಳಿಸಿದರು, ಮೂಗು ತೊಳೆದರು. ಹತ್ತಿ ಬಹಳ ಹೊತ್ತಿನ ಮೇಲೆ ಇಳಿದರು. ಕೈಯಲ್ಲಿ ಕಡಿದ ಚಾಪೆಯ ತುಂಡು, ಕಾಗದದಲ್ಲಿ ನಾಲ್ಕು ಹಿಕ್ಕೆ.

“ಹೆಗ್ಗಣ” ಎಂದರು.

“ಬೂದಿ ಹಾಕಿ ನೋಡುವುದಿಲ್ವಾ?” ಎಂದು ನಾನು ಮೆಲ್ಲಗೆ ಕೇಳಿದೆ.

ಅಣ್ಣ ನನ್ನ ಮೇಲೆ ರೇಗಿದ. “ಬೂದಿ ಎಂತಕ್ಕೆ? ಅವರು ನೋಡಿ ಆಯ್ತಲ್ಲ. ಪಾಷಾಣ ಇಡಬಹುದಲ್ವಾ?”

ಮನೆಯವರೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು. “ಇಡಿ” ಎಂದರು ಅವರು.

ಮೂವತ್ತು ವರ್ಷದಲ್ಲಿ ಆ ಮಾತನ್ನು ಅವರು ಅಷ್ಟು ಬೇಗ ಹೇಳಿದ್ದು ಅದೇ ಮೊದಲಿರಬೇಕು. ಅಣ್ಣ ಪಾಷಾಣವನ್ನು ಕಳಿತ ಬಾಳೆಹಣ್ಣಿನಲ್ಲಿ ಅಡಗಿಸಿ ಇಟ್ಟ. ಹಣ್ಣಿಗೆ ಬರುವುದು ಇಲಿಯೊಂದೇ ಅಲ್ಲ, ಹಣ್ಣಿನಲ್ಲಿ ಇಡಲೇಬಾರದು ಎಂದು ಅವರು ಬೇರೆ ಮನೆಗಳಲ್ಲಿ ಹೇಳಿದ್ದನ್ನು ನಾನು ಕೇಳಿದ್ದೆ. ಆದರೆ ಅಣ್ಣ ಹಣ್ಣು ಸೀಳುವಾಗ ಅವರು ಸ್ಕೂಟರು ಹತ್ತಿ ಆಗಿತ್ತು. ನಾನು ಅಲ್ಲಿಯೇ ಇದ್ದೆ.

ಎಂಟು ದಿನಕ್ಕೆ ಅಣ್ಣನ ಫೋನು. ವಾಸನೆಗೆ ಮನೆಯಲ್ಲಿ ನಿಲ್ಲಲಾಗುತ್ತಿಲ್ಲ, ಬಾಣಂತಿಯನ್ನೂ ಕೂಸನ್ನೂ ಪಕ್ಕದ ಮನೆಗೆ ಕಳಿಸಿದ್ದೇವೆ, ಸತ್ತ ಹೆಗ್ಗಣ ಎಲ್ಲಿದೆ ಎಂದು ಅವರೇ ಬಂದು ನೋಡಿ ತೆಗೆಯಲಿ ಎಂದ. ನಾನು ಬಸ್ಸಿನಲ್ಲಿ ಹೋದೆ, ಅವರು ಸ್ಕೂಟರಿನಲ್ಲಿ ಬಂದರು. ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು, ಅಣ್ಣ ಟವೆಲು ಕಟ್ಟಿಕೊಂಡಿದ್ದ, ನನಗೆ ಜಗಲಿಯಲ್ಲಿಯೇ ವಾಂತಿ ಬರುವಂತಾಗಿತ್ತು. ಅವರು ಏನನ್ನೂ ಮುಚ್ಚಿಕೊಳ್ಳದೆ ನೇರ ಒಳಗೆ ಬಂದು, ಅಟ್ಟದ ಕಂಡಿಯ ಕೆಳಗೆ ನಿಂತು, ತಲೆಯೆತ್ತಿ ಉಸಿರೆಳೆದರು. ಇನ್ನೊಮ್ಮೆ ಎಳೆದರು. ಆಮೇಲೆ ಕೇಳಿದರು:

“ಯಾವ ಕಡೆಯಿಂದ ಬರ್ತದೆ?”

ಅತ್ತಿಗೆ ಅವರ ಮುಖವನ್ನೇ ನೋಡಿದಳು. ಅಣ್ಣ, “ಎಂತ ಮಾರಾಯ್ರೆ, ನಿಮ್ಮ ತಲೆಯ ಮೇಲೆಯೇ ಉಂಟಲ್ಲ!” ಎಂದ.

“ಸ್ವಲ್ಪ ಶೀತ” ಎಂದರು ಅವರು. ಕಿವಿಯವರೆಗೆ ಕೆಂಪಾಗಿದ್ದರು. ನಾನು ನೆಲ ನೋಡಿದೆ.

ಮೇಲೆ ಹಂಡೆ ಸರಿಸುವ, ತೊಟ್ಟಿಲು ಎಳೆಯುವ ಸದ್ದು ಕೇಳಿತು. ಆಮೇಲೆ ಸದ್ದೇ ಇಲ್ಲ. ಕೊನೆಗೆ ಅವರು ಗೋಣಿಚೀಲವೊಂದನ್ನು ಎದೆಗೆ ಒತ್ತಿಕೊಂಡು, ಒಂದೇ ಕೈಯಲ್ಲಿ ಏಣಿ ಹಿಡಿದು ಇಳಿದರು.

“ಪುನುಗು ಬೆಕ್ಕು. ಹೆಣ್ಣು. ನಾಲ್ಕು ಮರಿ ಉಂಟು. ಒಂದಕ್ಕೆ ಜೀವ ಉಂಟು.”

“ಹೆಗ್ಗಣವೂ ಇತ್ತಲ್ಲ?” ಎಂದ ಅಣ್ಣ, ಸಮಾಧಾನ ಹೇಳುವವನಂತೆ.

“ಇತ್ತು. ಅದು ಇನ್ನೂ ಉಂಟು. ಈಗ ಓಡಿತು.”

ಅಣ್ಣ ಬೈಯಲಿಲ್ಲ. ಅವನಿಗೆ ವಾಸನೆ ಹೋದರೆ ಸಾಕಾಗಿತ್ತು. ಕಾಡುಬೆಕ್ಕು ತಾನೇ, ಹೋಗಲಿ ಬಿಡಿ ಎಂದ. ಅತ್ತಿಗೆ ಕಾಫಿ ಮಾಡುತ್ತೇನೆ ಎಂದಳು. ಅವರು ಬೇಡವೆಂದರು. ಹಿತ್ತಲಿನಲ್ಲಿ ಅವರೇ ಗುಂಡಿ ತೋಡಿದರು, ನಾನು ಪಕ್ಕದಲ್ಲಿ ನಿಂತಿದ್ದೆ. ತಾಯಿಯ ಬಾಯಿಯ ಹತ್ತಿರ ರೋಮ ಅಂಟಿಕೊಂಡಿತ್ತು. ಮಣ್ಣು ಮುಚ್ಚಿದ ಮೇಲೆ ಅವರು ತಮ್ಮ ಎರಡೂ ಕೈಗಳನ್ನು ಮೂಗಿಗೆ ತಂದು ಮೂಸಿದರು, ಆಮೇಲೆ ನನ್ನ ಕಡೆ ಚಾಚಿ, “ಬರ್ತದಾ?” ಎಂದು ಕೇಳಿದರು. ಬರುತ್ತದೆ ಎಂದೆ. ಬಾವಿಕಟ್ಟೆಗೆ ಹೋಗಿ ತುಂಬ ಹೊತ್ತು ಕೈ ತೊಳೆದರು. ಬದುಕಿದ್ದ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಹೊರಟರು. ಮರುದಿನ ಫೋನು ಮಾಡಿದಾಗ, “ದಾರಿಯಲ್ಲಿ ಶಿರ್ವ ದಾಟುವಾಗ ನೋಡಿದೆ ಟೀಚರೇ, ಜೀವ ಹೋಗಿತ್ತು” ಎಂದರು.

ಅದರ ನಂತರ ಅವರು ಯಾರ ಅಟ್ಟಕ್ಕೂ ಹತ್ತಲಿಲ್ಲ. ಕೇಳಿದವರಿಗೆಲ್ಲ ಮೊಣಕಾಲು ನೋವು ಎನ್ನುತ್ತಿದ್ದರಂತೆ. ಕರೆಗಳು ಕಡಿಮೆಯಾದವು, ಆಮೇಲೆ ನಿಂತವು. ಮಣಿಪಾಲದ ಆಸ್ಪತ್ರೆಗೂ ಹೋಗಿ ಬಂದಿದ್ದರು. ದಿನಾ ಬೆಳಿಗ್ಗೆ ಸಂಜೆ ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ ಮೂಸಿ ಅಭ್ಯಾಸ ಮಾಡಿ, ಬಂದರೂ ಬರಬಹುದು ಎಂದಿದ್ದರಂತೆ ಡಾಕ್ಟರು. ನಾನು ಅವರ ಮನೆಗೆ ಹೋಗಲು ಆರು ತಿಂಗಳು ತೆಗೆದುಕೊಂಡೆ. ಪ್ರತಿ ಭಾನುವಾರ ಹೋಗಬೇಕೆಂದುಕೊಳ್ಳುತ್ತಿದ್ದೆ, ಪ್ರತಿ ಭಾನುವಾರ ಏನೋ ಒಂದು ಕೆಲಸ ಬರುತ್ತಿತ್ತು.

ಹೋದಾಗ ಜಗಲಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಮೂರು ಸಣ್ಣ ಬಾಟಲಿಗಳಿದ್ದವು. ಒಂದರ ಮುಚ್ಚಳ ತೆಗೆದು ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ, ಬಹಳ ಶ್ರದ್ಧೆಯಿಂದ ಉಸಿರೆಳೆದುಕೊಳ್ಳುತ್ತಿದ್ದರು.

“ಎಂತ ಬರ್ತದೆ?” ಎಂದು ಕೇಳಿದೆ.

“ಗಾಳಿ ಬರ್ತದೆ” ಎಂದರು.

ಅವರ ಹೆಂಡತಿ ಒಳಗಿನಿಂದ ಕಾಫಿ ತಂದಿಟ್ಟು, “ನಿಲ್ಲಿಸಿ ಅಂತ ಹೇಳಿ ಟೀಚರೇ, ಇದನ್ನು ನೋಡಲಿಕ್ಕೆ ನನಗೆ ಆಗುವುದಿಲ್ಲ” ಎಂದರು. ಅವರು ಬಾಟಲಿ ಮುಚ್ಚಿಟ್ಟು ಎರಡನೆಯದನ್ನು ತೆಗೆದರು. ನಾನು ಶಾಲೆಯ ಸುದ್ದಿ ಹೇಳಿದೆ, ಸೆಖೆಯ ಬಗ್ಗೆ ಹೇಳಿದೆ. ಅಣ್ಣನ ಮೊಮ್ಮಗು ಅಂಬೆಗಾಲಿಡುತ್ತಿದೆ ಎಂದೆ. ಮಗುವಿನ ಮಾತಿಗೆ ಅವರು ತಲೆಯಾಡಿಸಿದರು. ನಾನು ಹೇಳುವುದೆಲ್ಲ ಮುಗಿದ ಮೇಲೆ, ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು:

“ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ ಟೀಚರೇ?”

ಆ ಹೊತ್ತಿಗೆ ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. “ಗೊತ್ತಿತ್ತು” ಎಂದೆ.

“ಅಣ್ಣನ ಹತ್ತಿರ ಒಂದು ಮಾತು ಹೇಳಬಹುದಿತ್ತು. ಇಲ್ಲ, ನನ್ನನ್ನೇ ಹಿಡಿದು ನಿಲ್ಲಿಸಬಹುದಿತ್ತು. ನೀವು ಹೇಳಿದರೆ ನಾನು ಕೇಳ್ತಿದ್ದೆ.” ಬಾಟಲಿಯ ಮುಚ್ಚಳ ಬಿಗಿ ಮಾಡಿ ಮುಂದುವರಿಸಿದರು. “ನನಗೆ ಹೆದರಿಕೆ ಇತ್ತು. ಗೊತ್ತಾದರೆ ಮತ್ತೆ ಯಾರೂ ಕರೆಯುವುದಿಲ್ಲ, ಯಾರೂ ಕಾಯುವುದಿಲ್ಲ ಅಂತ. ನಿಮಗೆ ಎಂತ ಹೆದರಿಕೆ ಇತ್ತು?”

ಅವರು ಬೈಯುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.